ತೂತು ಕೊರೆಸಿದ ಡಬರಿ

ನಮ್ಮ ಹಿತ್ತಲ ಗೋಡೆಯ ಮೊಳೆಗೆ ಒಂದು ವಸ್ತು ನೇತಾಡುತ್ತಿದೆ. ಅರ್ಧಕ್ಕೆ ಕೊಯ್ದ, ಅನ್ನ ಮಾಡುವ ಸ್ಟೀಲಿನ ಡಬರಿ, ಮೈತುಂಬ ತೂತು, ಹಿಂದೆ ಹಿಡಿಕೆಗೆ ಗುದ್ದಲಿಯ ಮರದ ಕಾವು. ಕರಿಬೇವು ಕೇಳಲು ಬಂದವರು, ಮೊಸರಿಗೆ ಹೆಪ್ಪು ಕೇಳಲು ಬಂದವರು ಎಲ್ಲರೂ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಮೊನ್ನೆ ಓಣಿಯ ಹೆಂಗಸೊಬ್ಬಳು, "ಏನ್ರೀ ಪಾರಕ್ಕ, ಮದಿವಿ ಮನಿ ಮಿರ್ಚಿ ತಗಿಯೋ ಝಾರಿ ಏನ್ರಿ ಇದು?" ಎಂದಳು. "ಹೌದವ್ವ, ಒಂದ ಸಲಕ್ಕ ನೂರು ಮಿರ್ಚಿ ಬರ್ತಾವು" ಎಂದೆ. ನಂಬಿ ಹೋದಳು. ನಾನು ಸುಳ್ಳು ಹೇಳುವ ಪೈಕಿಯಲ್ಲ. ದಿನಾ ಮಿಂದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮಾಡಿಯೇ ನೀರು ಕುಡಿಯುವವಳು. ಆದರೆ ಈ ಡಬರಿಯ ಸಲುವಾಗಿ ಒಂದು ಬೇಸಿಗೆಯಲ್ಲಿ ಎಷ್ಟು ಸುಳ್ಳು ಹೇಳಿದ್ದೇನೆಂದರೆ, ಇನ್ನೊಂದು ಸೇರಿಸುವುದು ಭಾರವೆನಿಸಲಿಲ್ಲ. ನಿಮ್ಮ ಮುಂದೆ ಇದ್ದದ್ದು ಇದ್ದಂತೆ ಹೇಳಿಬಿಡುತ್ತೇನೆ.

ಇದು ಶುರುವಾದದ್ದು ನಮ್ಮನೆಯವರ ಮೊಬೈಲಿನಿಂದ. ಹಗರಿಬೊಮ್ಮನಹಳ್ಳಿಯಲ್ಲಿ ಇವರದೊಂದು ಪೈಪು, ಮೋಟರಿನ ಅಂಗಡಿ. ಮಧ್ಯಾಹ್ನ ಗಿರಾಕಿ ಇಲ್ಲದಾಗ ವಿಡಿಯೊ ನೋಡುತ್ತ ಕೂಡುತ್ತಾರೆ. ಚಡ್ಡಿ ಹಾಕಿದ ಯಾರೋ ಪರದೇಶದವರು ಸಮುದ್ರದ ದಂಡೆಯಲ್ಲಿ ನೆಲದೊಳಗಿನ ಲೋಹ ಹುಡುಕುವ ಕೋಲಿನಂಥ ಯಂತ್ರವೊಂದನ್ನು ಆಡಿಸುತ್ತ ಹೋಗುವುದು, ಅದು ಕೂಗಿದಲ್ಲಿ ತೂತಿನ ಸಲಿಕೆ ಹಾಕಿ ಎತ್ತುವುದು, ಮರಳು ಸೋರಿದ ಮೇಲೆ ತಳದಲ್ಲಿ ಉಂಗುರ. ಇವರು ಅದನ್ನು ನೋಡಿ ನೋಡಿ ಒಂದು ದಿನ ಯಂತ್ರ ತರಿಸಿಯೇಬಿಟ್ಟರು.

"ಸಮುದ್ರ ಎಲ್ಲೈತ್ರೀ ನಮ್ಗ?" ಎಂದೆ.

"ಸಮುದ್ರ ಯಾಕಬೇಕು? ಹೊಲದಾಗ ಪೈಪ್‌ಲೈನ್ ಎಲ್ಲಿ ಹೋಗೈತಿ ಅಂತ ರೈತರಿಗೆ ತೋರ್ಸಾಕ ಬರ್ತೈತಿ" ಎಂದರು.

ಪೈಪಿನ ವ್ಯಾಪಾರ ಮಾಡುವ ಮನುಷ್ಯನಿಗೆ, ತಾನು ಮಾರಿದ ಪೈಪೆಲ್ಲ ಪ್ಲಾಸ್ಟಿಕ್ಕಿನವು, ಯಂತ್ರಕ್ಕೆ ಅವು ಕೇಳಿಸುವುದಿಲ್ಲ ಎಂದು ಹೊಳೆಯಲು ಎರಡು ದಿನ ಬೇಕಾಯಿತು. ಯಂತ್ರ ಅಟ್ಟ ಸೇರಿತು. ಅದರ ಜೊತೆ ಬಂದಿದ್ದ ಕೈಯಗಲದ ಪ್ಲಾಸ್ಟಿಕ್ ಸಲಿಕೆಯಿಂದ ನಾನು ಗೋಧಿಹಿಟ್ಟು ತೋಡಿಕೊಳ್ಳಲು ನೋಡಿದೆ. ತೂತಿನಿಂದ ಹಿಟ್ಟೆಲ್ಲ ಸೋರಿ ಕಾಲ ಮೇಲೆ ಬಿತ್ತು.

ಆ ವರ್ಷದ ಸಂಕ್ರಾಂತಿಗೆ ನಾವು ಹಂಪಸಾಗರಕ್ಕೆ ಹೊಳೆಸ್ನಾನಕ್ಕೆ ಹೋದೆವು. ನಾನು, ಇವರು, ಮೈದುನನ ಹೆಂಡತಿ ನಿರ್ಮಲಾ, ಮತ್ತು ನಮ್ಮ ಅತ್ತೆ. ಡ್ಯಾಮಿನ ಹಿನ್ನೀರು ಆಗ ದಡದ ಜಾಲಿಮರದ ಬುಡದವರೆಗೂ ಇರುತ್ತದೆ. ಮೈಗೆ ಎಳ್ಳು ಹಚ್ಚಿಕೊಂಡು, ಅತ್ತೆಯವರ ರಟ್ಟೆ ಹಿಡಿದು ಸೊಂಟದ ನೀರಿಗೆ ಕರೆದೊಯ್ದೆ. ಒಂದು ಮುಳುಗು, ಎರಡು ಮುಳುಗು. ಮೂರನೆಯದರಿಂದ ಎದ್ದಾಗ ಅವರ ಕೈ ಎದೆಗೆ ಹೋಯಿತು. ಕರಡಿಗೆ ಇರಲಿಲ್ಲ.

ತಿಳಿಯದವರಿಗೆ ಹೇಳುತ್ತೇನೆ: ಕರಡಿಗೆಯೆಂದರೆ ನಮ್ಮವರು ಇಷ್ಟಲಿಂಗವನ್ನು ಇಟ್ಟು ಎದೆಯ ಮೇಲೆ ಧರಿಸುವ ಬೆಳ್ಳಿಯ ಸಂಪುಟ, ನಿಂಬೆಹಣ್ಣಿನಷ್ಟು ಇರುತ್ತದೆ. ಎರಡು ಬದಿಗೆ ಎರಡು ಕಿವಿ. ಶಿವದಾರದ ಒಂದೊಂದು ತುದಿಯನ್ನು ಒಂದೊಂದು ಕಿವಿಗೆ ಪೋಣಿಸಿ ಗಂಟು ಹಾಕಿ ಕೊರಳಿಗೆ ಹಾಕಿಕೊಳ್ಳಬೇಕು. ಅತ್ತೆಯವರ ಕರಡಿಗೆಗೆ ಅದರ ಹಿಂದಿನ ದೀಪಾವಳಿಯಲ್ಲಿ ಹೊಸ ನೈಲಾನ್ ದಾರ ಹಾಕಿ ಎರಡೂ ಗಂಟು ಬಿಗಿದವಳು ನಾನು. ಆಗಲೇ ನೋಡಿದ್ದೆ, ಎಡಗಿವಿ ಸವೆದು ಸವೆದು ಬ್ಲೇಡಿನ ಹಾಗಾಗಿತ್ತು. "ಅತ್ತಿ, ಪತ್ತಾರರ ಕಡಿ ಕೊಟ್ಟು ಇದೊಂದು ಕಿವಿ ಬೆಸಿಸೋಣ್ರಿ" ಎಂದರೆ, "ನಮ್ಮತ್ತಿ ಕಾಲದ್ದು ಇದು. ಪತ್ತಾರನ ಕೈಗೆ ಕೊಟ್ರ ಬೆಳ್ಳಿ ಕೆರಕೊಂಡು ಕೊಡ್ತಾನ. ನೀ ದಾರ ಕಟ್ಟು, ಸಾಕು" ಎಂದಿದ್ದರು.

ನೀರಿನಲ್ಲಿ ನಿಂತು ಅತ್ತೆ ಅಳಲಿಲ್ಲ, ಕೂಗಲಿಲ್ಲ. ನನ್ನ ಕಡೆ ತಿರುಗಿ ಒಂದೇ ಮಾತು ಅಂದರು.

"ಗಂಟು ಯಾರು ಹಾಕಿದ್ದು?"

ಅಷ್ಟೇ. ಇವರು, ನಿರ್ಮಲಾ, ದಡದಲ್ಲಿದ್ದ ಹೆಂಗಸರು ಎಲ್ಲ ಕಾಲಿನಿಂದ ನೀರು ತಡಕಾಡಿದರು. ಕೆಸರು ಎದ್ದು ಹೊಳೆ ಚಹಾದ ಬಣ್ಣಕ್ಕೆ ತಿರುಗಿತು. ಸಿಗಲಿಲ್ಲ. ಕಟ್ಟಿಕೊಂಡು ಹೋಗಿದ್ದ ಸಜ್ಜೆರೊಟ್ಟಿ, ಕುಂಬಳಕಾಯಿ ಪಲ್ಯ ಹಾಗೆಯೇ ವಾಪಸು ಬಂದವು. ಲಿಂಗವಿಲ್ಲದ ಮೈಗೆ ಅನ್ನ ಬೇಡವೆಂದು ಅತ್ತೆ ಬಾಯಿ ಕಟ್ಟಿದರು. ಮರುದಿನ ಮಠದ ಅಯ್ಯನವರು ಬಂದು ಬೇರೆ ಲಿಂಗ ಕೊಟ್ಟು, "ಲಿಂಗ ಯಾವುದಾದ್ರೂ ಶಿವ ಒಬ್ಬನ, ತಾಯಿ, ಉಣ್ರಿ" ಎಂದಮೇಲೆ ಅರ್ಧ ರೊಟ್ಟಿ ಮುರಿದರು. ಹೊಸದನ್ನು ಧರಿಸಿದರೂ, "ಇದು ಎರವಲದ್ದು" ಎನ್ನುವುದನ್ನು ಬಿಡಲಿಲ್ಲ.

ನನಗೆ ಶಿಕ್ಷೆ ಬೇರೆ ಬಗೆಯಲ್ಲಿ ಬಂತು. ನಾನು ಈ ಮನೆಗೆ ಬಂದ ಮೂರನೇ ದಿನದಿಂದ ದೇವರ ಜಗಲಿ ನನ್ನದು. ಬೆಳಿಗ್ಗೆ ಸಾರಿಸಿ, ರಂಗೋಲಿ ಹಾಕಿ, ಪತ್ರಿ ಏರಿಸಿ ದೀಪ ಹಚ್ಚುವವಳು ನಾನೇ. ಈ ಮನೆಯಲ್ಲಿ ನನ್ನದು ಎನ್ನಲು ಇದ್ದದ್ದು ಆ ಒಂದೂವರೆ ಮೊಳ ಜಾಗ. ಸಂಕ್ರಾಂತಿಯ ಮಾರನೇ ಬೆಳಿಗ್ಗೆ ಮಿಂದು ಬಂದರೆ ಜಗಲಿಯ ಮುಂದೆ ನಿರ್ಮಲಾ ಬತ್ತಿ ಹೊಸೆಯುತ್ತ ಕೂತಿದ್ದಳು.

"ಇನ್ನಮ್ಯಾಲ ದೀಪ ಅಕಿ ಹಚ್ತಾಳ. ಲಿಂಗಾನ ಹೊಳಿಗೆ ಹಾಕಿದ ಕೈ ಜಗಲಿಗೆ ಬ್ಯಾಡ" ಎಂದರು ಅತ್ತೆ.

"ಅತ್ತಿ, ಆ ಕಿವಿ ಸವದಿತ್ತು, ನಾನ ಹೇಳಿದ್ದೆ..."

"ಕಿವಿ ನಮ್ಮತ್ತಿ ಕಾಲದಿಂದ ಸವದೈತಿ. ಗಂಟು ನಿಂದು."

ಇವರ ಮುಖ ನೋಡಿದೆ. ಇವರು ಪೇಪರು ಓದುತ್ತಿದ್ದರು. ನಿರ್ಮಲಾ ಕೆಟ್ಟವಳಲ್ಲ, ಆದರೆ ದೀಪಕ್ಕೆ ಎಣ್ಣೆ ಹಾಕುತ್ತಲೇ ಮೊಬೈಲಿನಲ್ಲಿ ಸೀರೆ ನೋಡುವವಳು. ಜಗಲಿಯ ಮೂಲೆಯಲ್ಲಿ ಒಣಗಿದ ಪತ್ರಿ ಗುಡ್ಡೆಯಾಗುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವುದು ನನ್ನ ಪಾಲಿಗೆ ಬಂತು. ಶಿವ ನನ್ನ ಕೊರಳಲ್ಲಿದ್ದ ಲಿಂಗವನ್ನಾದರೂ ಉಳಿಸಿದ. ಒಲೆಯ ಪಕ್ಕ ಮಣೆ ಹಾಕಿಕೊಂಡು ನನ್ನ ಪೂಜೆ ಮಾಡಿಕೊಂಡೆ. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡೆ. ಎಂದುಕೊಂಡರೆ ಸಮಾಧಾನವಾಗುತ್ತದೆ ಎಂದು ಯಾರು ಹೇಳಿದರೋ.

ಚಿಕ್ಕವಳಿದ್ದಾಗ ನಮ್ಮೂರು ನೀಲಗುಂದದ ಹಳ್ಳದಲ್ಲಿ ಆಡುವಾಗ ನನ್ನ ಮೂಗುಬೊಟ್ಟು ಮರಳಿಗೆ ಬಿದ್ದಿತ್ತು. ಅವ್ವ ಬಂದು ಬೆನ್ನಿಗೆ ಎರಡು ಗುದ್ದಿ, ಮನೆಯಿಂದ ಜೋಳದ ಸಾಣಿಗೆ ತಂದು, ಹೊತ್ತು ಮುಳುಗುವ ತನಕ ಹಳ್ಳದ ಮರಳನ್ನೆಲ್ಲ ಸಾಣಿಸಿದಳು. ಬೊಟ್ಟು ಸಿಕ್ಕಿತು. "ನಿಮ್ಮಪ್ಪಗ ಹೇಳಬ್ಯಾಡ" ಎಂದು ಮೂಗಿಗೆ ಚುಚ್ಚಿದಳು. ಎರಡು ಗುದ್ದಿನಲ್ಲಿ ಎಲ್ಲ ಮುಗಿದಿತ್ತು. ಇಲ್ಲಿ ಯಾರೂ ಗುದ್ದಲಿಲ್ಲ. ಗುದ್ದಿದ್ದರೆ ವಾಸಿಯಿತ್ತು.

ಶಿವರಾತ್ರಿ ಕಳೆದು ಹೊಳೆ ಹಿಂದೆ ಸರಿಯತೊಡಗಿತು. ಬೇಸಿಗೆಗೆ ಹಿನ್ನೀರು ಇಳಿಯುತ್ತ ಇಳಿಯುತ್ತ, ಸಂಕ್ರಾಂತಿಗೆ ನಾವು ಮುಳುಗಿದ್ದ ಜಾಗ ಮರಳಾಗಿ ಹೊರಬರುತ್ತದೆ. ಮುಂದೆ ಅಲ್ಲಿ ಯಾರಾದರೂ ಟ್ರ್ಯಾಕ್ಟರ್ ತಂದು ಉತ್ತು ಬಿತ್ತುತ್ತಾರೆ, ಮಳೆಗಾಲಕ್ಕೆ ಮತ್ತೆ ನೀರು ಏರುತ್ತದೆ. ನಡುವಿನ ಕೆಲವು ವಾರ ಮಾತ್ರ ನನಗೆ. ಅಟ್ಟ ಹತ್ತಿ ಯಂತ್ರ ಇಳಿಸಿದೆ. ಇವರು ಸೆಲ್ ಹಾಕಿ, ಕಬ್ಬಿಣಕ್ಕೆ ಗುರ್ ಅನ್ನುತ್ತದೆ, ಬೆಳ್ಳಿಗೆ ಚೀರುತ್ತದೆ ಎಂದು ಹೇಳಿಕೊಟ್ಟರು.

"ನೀವೂ ಬರ್ರಲ್ಲ."

"ಅಂಗಡಿ ಯಾರು ನೋಡ್ಬೇಕು? ಅವ್ವಗ ಗೊತ್ತಾದ್ರ ನನಗೂ ಬೈತಾಳ" ಎಂದರು. ಯಂತ್ರವನ್ನಾದರೂ ಕೊಟ್ಟರು, ಉಪಕಾರ.

ಅತ್ತೆಗೆ ಹಂಪಸಾಗರದ ಗುಡಿಗೆ ಹರಕೆ ಎಂದೆ. ಮೊದಲನೇ ಸುಳ್ಳು. ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದರೆ ಕಂಡಕ್ಟರು, "ನಿಮಗ ಫ್ರೀ ಐತ್ರವ್ವ, ಇದಕ್ಕಿಲ್ಲ. ಏನಿದು, ಬಂದೂಕೇನು?" ಎಂದ. "ಜೇಡ ಬಡಿಯೋ ಕೋಲಪ್ಪ" ಎಂದೆ. ಎರಡನೇ ಸುಳ್ಳು.

ಜಾಲಿಮರದಿಂದ ಹೆಜ್ಜೆ ಎಣಿಸಿ ನಾವು ಮುಳುಗಿದ ಜಾಗ ಗುರುತಿಸಿದೆ. ದಂಡೆಯ ಅರ್ಧ ಒಣಗಿತ್ತು, ಅರ್ಧ ಇನ್ನೂ ಮೊಳಕಾಲು ನೀರು. ಚುಕ್ಕಿ ರಂಗೋಲಿಗೆ ಸಾಲು ಹಿಡಿಯುವ ಹಾಗೆ ಕಡ್ಡಿ ನೆಟ್ಟು, ಒಂದೊಂದೇ ಸಾಲು ಯಂತ್ರ ಆಡಿಸಿದೆ. ಅದು ಕೂಗಿದ್ದೇ ಕೂಗಿದ್ದು. ಸೋಡಾದ ಮುಚ್ಚಳ, ಪಿನ್ನು, ಗುಟ್ಕಾ ಚೀಟಿ, ಮತ್ತೆ ಸೋಡಾದ ಮುಚ್ಚಳ. ಆದರೆ ಕೂಗಿದ್ದನ್ನು ಎತ್ತುವುದೇ ದೊಡ್ಡ ಕೆಲಸ. ಹಸಿ ಮರಳಿನಲ್ಲಿ ಕೈಯಿಂದ ಬಗೆದರೆ ಗುಂಡಿಗೆ ನೀರು ತುಂಬಿ ಬದಿ ಕುಸಿಯುತ್ತದೆ, ವಸ್ತು ಇನ್ನೂ ಕೆಳಗೆ ಜಾರುತ್ತದೆ. ಆ ಪ್ಲಾಸ್ಟಿಕ್ ಸಲಿಕೆ ಹತ್ತನೆಯ ಹೊಡೆತಕ್ಕೆ ಕಟ್ ಎಂದಿತು. ಮುಂದಿನ ವಾರ ಮನೆಯ ಝಾರಿ ಒಯ್ದೆ. ಮೊದಲ ಕಲ್ಲಿಗೇ ಬಾಗಿತು. ಅದಕ್ಕೆ ಮನೆಯಲ್ಲಿ ಇನ್ನೊಂದು ಸುಳ್ಳು. ಸಾಣಿಗೆ ಒಯ್ದರೆ ಹಿನ್ನೀರಿನ ಮೆಕ್ಕಲು ಕೂತು ರೊಟ್ಟಿ ತಟ್ಟಿದ ಹಾಗೆ ಕಣ್ಣೆಲ್ಲ ಮುಚ್ಚಿಕೊಂಡಿತು. ಮೊಬೈಲಿನಲ್ಲಿ ನೋಡಿದರೆ ಬೇರೆ ಬೇರೆ ತರಹದ ಸ್ಟೀಲ್ ಸಲಿಕೆಗಳಿದ್ದವು. ಬೆಲೆ ನೋಡಿ ಮೊಬೈಲು ಮಗುಚಿಟ್ಟೆ. ಅಲ್ಲದೆ ಅವು ಸಮುದ್ರದ ಮರಳಿಗೆ ಮಾಡಿದವು. ಆ ಮರಳು ಸಕ್ಕರೆಯ ಹಾಗೆ ಉದುರುತ್ತದೆ. ನಮ್ಮದು ಮಣ್ಣು ಕೂಡಿದ ಮರಳು, ನೆಂಟರ ಹಾಗೆ ಅಂಟಿಕೊಳ್ಳುತ್ತದೆ.

ಕಡೆಗೆ ತವರಿನಿಂದ ಬಂದಿದ್ದ ದೊಡ್ಡ ಸ್ಟೀಲ್ ಡಬರಿಯನ್ನು ಎತ್ತಿಕೊಂಡು ವೆಲ್ಡಿಂಗ್ ಅಂಗಡಿಯ ರಾಜಾಸಾಬನ ಹತ್ತಿರ ಹೋದೆ. ಅತ್ತೆಯ ಮನೆಯ ಪಾತ್ರೆಗೆ ಕೈ ಹಚ್ಚುವಂತಿಲ್ಲ. ತವರಿನದಕ್ಕೆ ಯಾರು ಕೇಳುತ್ತಾರೆ?

"ಇದನ್ನ ಅಡ್ಡಾಗಿ ಕೊಯ್ದು, ತೂತು ಕೊರದು, ಹಿಂದ ಹಿಡಕಿ ಹಾಕಪ್ಪ."

"ಚಲೋ ಡಬರಿ ಐತಲ್ರಿ ಅಕ್ಕಾರ, ಯಾಕ ಹಾಳ್ ಮಾಡ್ತೀರಿ? ಮರಳು ಸೋಸಾಕಂದ್ರ ಗೌಂಡಿಗಳ ಜಾಳಗಿ ಐತಿ, ಕೊಡ್ತೀನಿ."

"ಅದನ್ನ ನೀರಾಗ ಹಿಡಕೊಂಡು ನಿಂದ್ರಾಕ ಆಗತೈತೇನು? ನಂಗ ಒಂದ ಸಲಕ್ಕ ಬುಟ್ಟಿ ಮರಳು ಎತ್ತಬೇಕು, ನೀರಾಗ ಜಾಲಾಡಿದ್ರ ಮರಳು ಹೋಗ್ಬೇಕು, ಒಳಗಿಂದು ಉಳಿಬೇಕು."

"ತೂತು ಎಷ್ಟ ದೊಡ್ಡವು?"

ಇದನ್ನು ನಾನು ಮನೆಯಲ್ಲೇ ಯೋಚಿಸಿದ್ದೆ. ಕರಡಿಗೆಯೇನೋ ನಿಂಬೆಹಣ್ಣಿನಷ್ಟು. ಆದರೆ ಬೀಳುವಾಗ ಅದರ ಮುಚ್ಚಳ ಬಿಚ್ಚಿದ್ದರೆ? ಒಳಗಿನ ಲಿಂಗ ಕಲ್ಲಿನ ಮೇಲೆ ಕಂತಿಯ ಕಪ್ಪು ಲೇಪ ಹಾಕಿದ್ದು, ನೆಲ್ಲಿಕಾಯಿಯಷ್ಟು. ಯಂತ್ರಕ್ಕೆ ಬೆಳ್ಳಿ ಕೇಳಿಸುತ್ತದೆಯೇ ಹೊರತು ಶಿವ ಕೇಳಿಸುವುದಿಲ್ಲ. ಸವೆದ ಕಿವಿ ಮುರಿದು ಬಿದ್ದಿದ್ದರೆ ಅದೂ ಬೇಕು. ಸೆರಗಿನ ಗಂಟು ಬಿಚ್ಚಿ ಶೇಂಗಾ ತೋರಿಸಿದೆ. "ಕಾಳು ಪಾರಾಗಬೇಕು, ಕಾಯಿ ನಿಲ್ಲಬೇಕು. ಅಷ್ಟು."

ರಾಜಾಸಾಬ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು, "ಅಳತಿ ಕೊಡೋದ ಹಿಂಗಿದ್ರ ನಮ್ಮ ಟೇಪೆಲ್ಲ ಗುಜರಿಗೆ ಹಾಕ್ಬೇಕ್ರಿ" ಎಂದು ನಕ್ಕ. ಡಬರಿ ತಿರುಗಿಸಿ ನೋಡಿದ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವ್ವನ ಹೆಸರು, ಊರು ಕೊರೆಸಿತ್ತು. "ಹೆಸರು ಐತ್ರಿ ಇದರಾಗ" ಎಂದು ಧ್ವನಿ ಇಳಿಸಿದ. ನಾನು ಏನೂ ಹೇಳುವ ಮೊದಲೇ ಆ ಎರಡು ಬೆರಳಗಲ ಪಟ್ಟಿ ಬಿಟ್ಟು ಕೆಳಗೆ ತೂತಿನ ಗುರುತು ಹಾಕತೊಡಗಿದ. ಅಷ್ಟು ದಿನದಲ್ಲಿ ನನ್ನ ಕಡೆ ನೋಡಿ ಧ್ವನಿ ಇಳಿಸಿದವನು ಅವನೊಬ್ಬನೇ.

ಮೊದಲ ಸಲದ್ದು ಸರಿಹೋಗಲಿಲ್ಲ. ಕಬ್ಬಿಣದ ಪೈಪಿನ ಹಿಡಿಕೆ, ಮರಳು ತುಂಬಿದರೆ ಎತ್ತಲಾಗದಷ್ಟು ಭಾರ. ಡಬರಿಯನ್ನು ನೆಟ್ಟಗೆ ಬೆಸೆದಿದ್ದ, ಎಳೆಯುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಪೈಪು ತೆಗೆಸಿ, ಕೊಟ್ಟೂರು ಸಂತೆಯಿಂದ ತರಿಸಿದ ಗುದ್ದಲಿಯ ಕಾವು ಹಾಕಿಸಿದೆ. ಚೀಲದಿಂದ ಹಿಟ್ಟು ತೋಡುವಾಗ ಬಟ್ಟಲು ಹೇಗೆ ಬಾಗಿರುತ್ತದೋ ಹಾಗೆ ಬಾಗಿಸಿ ಬೆಸೆಸಿದೆ. ಹಿಂಬದಿಗೆ ಒಂದು ಪಟ್ಟಿ ಕೂಡಿಸಿದ, ಪಾದವಿಟ್ಟು ತುಳಿದರೆ ಬಾಯಿ ಮರಳಿಗೆ ಇಳಿಯುವಂತೆ. ಆದರೂ ಮೆಕ್ಕಲು ಹೊರಗೆ ಹೋಗದೆ ಕೂಡುತ್ತಿತ್ತು, ಒಂದೊಂದು ಸಲ ಜಾಲಾಡಲು ಹತ್ತು ನಿಮಿಷ. ಮೂರನೇ ಸಲ ಹೋದಾಗ, "ತೂತು ಸಾಲಾವಲ್ಲವು ಅಕ್ಕಾರ. ಇನ್ನ ಜಾಗ ಅಂದ್ರ ಹೆಸರಿಂದ ಐತಿ" ಎಂದ.

"ಕೊರಿಯಪ್ಪ."

"ಖರೇನ?"

"ಕೊರಿ."

ಅವ್ವ ಹೋಗಿ ಆರು ವರ್ಷವಾಗಿತ್ತು. ಡ್ರಿಲ್ಲು ಕಿರ್ ಎಂದು ಇಳಿಯುವಾಗ ನಾನು ರಸ್ತೆಯ ಕಡೆ ನೋಡುತ್ತ ನಿಂತೆ. ಅಂದಿನಿಂದ ಸಲಿಕೆ ಸರಿಯಾಗಿ ಸೋಸಿತು. ತುಳಿದು, ಎಳೆದು, ನೀರಿನಲ್ಲಿ ನಾಲ್ಕು ಸಲ ತೂಗಿದರೆ ತಳದಲ್ಲಿ ಕಲ್ಲು, ಕಪ್ಪೆಚಿಪ್ಪು, ಕೂಗಿದ ವಸ್ತು.

ವಾರಕ್ಕೆ ಎರಡು ಸಲ ಹೋದೆ. ಜನ ಗಂಗಮ್ಮನಿಗೆ ಎಸೆದ ನಾಣ್ಯ ಬಂದವು, ತಿರುಗಿ ನಡುನೀರಿಗೆ ಎಸೆದೆ. ಯಾವ ಕೂಸಿನದೋ ಉಡಿದಾರದ ಗೆಜ್ಜೆ ಬಂತು, ದಡದ ಗುಡಿಯ ಗೂಡಿನಲ್ಲಿಟ್ಟೆ. ಒಂದು ದಿನ ಒಂದೇ ಕಡೆ ಮೂರು ಜೊತೆ ಕಾಲುಂಗುರ ಬಂದವು. ಮೂರು ಜೊತೆಯೂ ಕತ್ತರಿಸಿದ್ದವು. ಗಂಡ ಹೋದವರ ಕಾಲಿನಿಂದ ತೆಗೆದು ಹೊಳೆಗೆ ಹಾಕಿದ್ದು. ಮರಳಿನ ಮೇಲೆ ಕೂತು ನನ್ನ ಕಾಲು ನೋಡಿಕೊಂಡೆ. ನನ್ನವು ಇದ್ದವು. ಬಿಸಿಲಲ್ಲಿ ಒಬ್ಬಳನ್ನೇ ಕಳಿಸಿ ಅಂಗಡಿಯ ಫ್ಯಾನಿನ ಕೆಳಗೆ ಕೂತ ಆ ಮನುಷ್ಯನನ್ನೂ ಶಿವ ಚೆನ್ನಾಗಿಟ್ಟಿರಲಿ ಎಂದು ಕೈಮುಗಿದೆ. ಕಾಲುಂಗುರಗಳನ್ನು ಇದ್ದಲ್ಲೇ ಹೂತೆ.

ಹೀಗೆ ಮೈ ಕರ್ರಗಾಯಿತು, ಅಂಗೈಯಲ್ಲಿ ಬೊಬ್ಬೆ ಎದ್ದವು. "ಏನವ್ವ, ಗುಡಿಯಾಗ ಪೂಜಿ ಮಾಡ್ತೀಯೋ, ಗುಡಿ ಕಟ್ತೀಯೋ?" ಎಂದು ಅತ್ತೆ ಕೇಳಿದರು. ಅತ್ತೆ ನಗಿಸುವುದರಲ್ಲಿ ಕಮ್ಮಿಯೇನಲ್ಲ. ನಿರ್ಮಲಾ ನಕ್ಕಳು. ನನಗೂ ನಗು ಬಂತು, ಆಮೇಲೆ ಅಡುಗೆಮನೆಗೆ ಹೋದಮೇಲೆ ನಿಂತಿತು.

ದಂಡೆಯ ಮೇಲಿನ ಭಾಗಕ್ಕೆ ಟ್ರ್ಯಾಕ್ಟರ್ ಬಂದ ವಾರ, ಕೊನೆಯ ಎರಡು ಸಾಲು ಉಳಿದಿದ್ದವು. ಡ್ರೈವರ್ ಹೊಗೆ ಬಿಡುತ್ತ, "ಯವ್ವಾ, ನಾಳಿಗಿ ಇಲ್ಲೀತಂಕ ಹೊಡಿತೀವ್ ನೋಡು" ಎಂದು ಕೂಗಿ ಹೇಳಿದ. ಅಂದು ಮಧ್ಯಾಹ್ನ ಒಂದು ಚೀರು ಕೇಳಿತು. ಸೋಡಾದ ಮುಚ್ಚಳವೂ ಹಾಗೇ ಚೀರುತ್ತದೆ, ಆಸೆ ಪಡಲಿಲ್ಲ. ತುಳಿದೆ, ಎಳೆದೆ, ನೀರಿಗೆ ಒಯ್ದು ತೂಗಿದೆ. ಮಣ್ಣು ಕರಗಿದ ಹಾಗೆ ಮೊದಲು ದಾರ ಕಂಡಿತು, ಆಮೇಲೆ ಕಪ್ಪಗಾದ ಕರಡಿಗೆ. ಮುಚ್ಚಳ ಬಿಗಿಯಾಗಿತ್ತು. ನೀರಿನಲ್ಲೇ ಕೂತೆ. ಎದೆಗೆ ಒತ್ತಿಕೊಂಡು ಎಷ್ಟು ಹೊತ್ತು ಶಿವಶಿವಾ ಎಂದೆನೋ, ಟ್ರ್ಯಾಕ್ಟರಿನವ ಇಳಿದು ಬಂದು, "ಆರಾಮಿದೀಯೇನವ್ವ?" ಎಂದು ಕೇಳಿದ.

ಆಮೇಲೆ ದಾರ ನೋಡಿದೆ. ಬಲಗಿವಿಯಲ್ಲಿ ನನ್ನ ಗಂಟು ಹಾಕಿದ್ದ ಹಾಗೆಯೇ ಕೂತಿತ್ತು. ಎಡಗಡೆಯ ಗಂಟೂ ಬಿಚ್ಚಿರಲಿಲ್ಲ, ಹೆಸರುಕಾಳಿನಂತೆ ಗಟ್ಟಿಯಾಗಿತ್ತು. ಅದರ ಮುಂದೆ, ಸವೆದ ಕಿವಿಗೆ ದಾರ ತಾಗುವ ಜಾಗದಲ್ಲಿ, ಕತ್ತಿಯಿಂದ ಕೊಯ್ದ ಹಾಗೆ ತುಂಡಾಗಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಸಿಟ್ಟಿನ ಮಾತು ಬೇಡ. ತೋರಿಸಿದರೆ ಸಾಕು, ಕಣ್ಣಿದ್ದವರಿಗೆ ಕಾಣುತ್ತದೆ.

ಮನೆಯಲ್ಲಿ ಎಲ್ಲರೂ ಇದ್ದರು. ತಟ್ಟೆಯಲ್ಲಿ ಇಟ್ಟು ಅತ್ತೆಯವರ ಮುಂದೆ ಹಿಡಿದೆ. ಅವರು ಎರಡೂ ಕೈಯಿಂದ ಎತ್ತಿಕೊಂಡರು. ಮುಚ್ಚಳ ತಿರುಗಿಸಿ, ಒಳಗಿನ ಲಿಂಗ ನೋಡಿ, ಕಣ್ಣಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆ ಅಳುವಿಗೆ ನಾಲ್ಕು ತಿಂಗಳ ನನ್ನ ಕಹಿಯೆಲ್ಲ ಒಂದು ಗಳಿಗೆ ಕರಗಿಹೋಯಿತು ಎಂದರೆ ನಂಬಿ.

"ಕೊಟ್ರೇಶ ಕೊಟ್ಟ" ಎಂದರು, ಕೊಟ್ಟೂರಿನ ಗುಡಿಯ ದಿಕ್ಕಿಗೆ ಕೈಮುಗಿದು. "ಐದು ಸೋಮವಾರ ಒಪ್ಪತ್ತು ಬಿಟ್ಟಿದ್ದೆ, ಕೈ ಬಿಡಲಿಲ್ಲ ನಮ್ಮಪ್ಪ."

"ಅತ್ತಿ, ದಾರ ನೋಡ್ರಿ" ಎಂದೆ. "ಗಂಟು ಎರಡೂ ಹಂಗ ಅದಾವು. ಕಿವಿಗೆ ತಾಗಿ ಹರದೈತಿ."

ಇವರು ಬಗ್ಗಿ ನೋಡಿದರು. ನೋಡಿದ್ದನ್ನು ನಾನು ನೋಡಿದೆ. "ಸಿಕ್ತಲ್ಲ, ಬಿಡು ಈಗ ಅದನ್ನೆಲ್ಲ" ಎಂದರು.

ಅತ್ತೆ ಮೂಗು ಒರೆಸಿಕೊಂಡು, ಹಳೆಯ ದಾರ ತೆಗೆಯಲು ಬಲಗಿವಿಯ ಗಂಟಿಗೆ ಉಗುರು ಹಾಕಿದರು. ಬಿಚ್ಚಲಿಲ್ಲ. ಬೆಳಕಿಗೆ ಹಿಡಿದು ಇನ್ನೊಂದು ಕಡೆಯಿಂದ ಎಳೆದರು. ಬಿಚ್ಚಲಿಲ್ಲ. ಪಿನ್ನು ತೆಗೆದು ಚುಚ್ಚಿದರು, ಹಲ್ಲಿನಿಂದ ಕಚ್ಚಿ ಜಗ್ಗಿದರು. ನಿರ್ಮಲಾ ಕೂಡ ಮೊಬೈಲು ಕೆಳಗಿಟ್ಟಿದ್ದಳು. ಅತ್ತೆ ತಲೆ ಎತ್ತಿ ಒಂದು ಸಲ ನನ್ನನ್ನು ನೋಡಿದರು. ಅವರಿಗೆ ಗೊತ್ತಾಗಿತ್ತು. ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ನನ್ನಿಂದ ಕಣ್ಣು ಸರಿಸಿ, "ನೀರಾಗ ಬಿದ್ದು ಬಿಗದೈತಿ" ಎಂದರು. "ನಿರ್ಮಲಾ, ಹೊಸ ದಾರ ತಗೊಂಡು ಬಾ. ಗಂಟು ನೀನ ಹಾಕು. ಏ ಪಾರಿ, ನೀ ಕತ್ತರಿ ತಾ."

ಕತ್ತರಿಯನ್ನು ನಮ್ಮಲ್ಲಿ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಹುಟ್ಟುತ್ತದೆ ಅನ್ನುತ್ತಾರೆ. ನೆಲದ ಮೇಲಿಟ್ಟು ಸರಿಯಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಈ ಮನೆಗೆ ಬಂದಾಗಿನಿಂದ ನಾನು ಹಾಗೆಯೇ ಇಟ್ಟವಳು. ಅಂದು ಒಳಗೆ ಹೋಗಿ ಕತ್ತರಿ ತಂದೆ. ಅತ್ತೆ ರೂಢಿಯಂತೆ ನೆಲ ನೋಡುತ್ತ ಕಾದರು. ನಾನು ಬಗ್ಗಲಿಲ್ಲ. ಅವರು ತಲೆ ಎತ್ತಿ ಕೈ ಚಾಚುವ ತನಕ ಹಿಡಿದು ನಿಂತು, ಅವರ ಕೈಯಲ್ಲಿಯೇ ಕೊಟ್ಟೆ.